ಹೆಂಡತಿ ಬಿಟ್ಟುಕೊಡದ ಫೈಲು

ಮನೆಯ ಹಳೇ ಕಂಪ್ಯೂಟರು ಈಚೆಗೆ ಉಬ್ಬಸದವರಂತೆ ಏದುಸಿರು ಬಿಡುತ್ತಿತ್ತು. ಅದು ಕಣ್ಣು ಮುಚ್ಚುವ ಮೊದಲು ಒಳಗಿರುವುದನ್ನೆಲ್ಲ ಉಳಿಸಿಕೊಳ್ಳಬೇಕೆಂದು ಯಜಮಾನರು ಭಾನುವಾರ ಬೆಳಿಗ್ಗೆಯೇ ಟೊಂಕ ಕಟ್ಟಿದರು. ಒಳಗಿದ್ದುದು ಸಾಮಾನ್ಯ ಆಸ್ತಿಯಲ್ಲ. ಮದುವೆಗೆ ಮುಂಚೆ ಅವರೂ ಅವರ ಹೆಂಡತಿಯೂ ಒಂದೇ ಆಫೀಸಿನಲ್ಲಿ ಕೂತು ಗ್ರಂಥಾಲಯಗಳಿಗಾಗಿ ಬರೆದ ಪ್ರೋಗ್ರಾಮು. ಯಾರು ಯಾವಾಗ ಏನು ತಿದ್ದಿದರೆಂಬ ಸಮಗ್ರ ಚರಿತ್ರೆ ಸಮೇತ. (ಆಫೀಸು ಮುಚ್ಚಿದಾಗ ಉಳಿದವರು ಕುರ್ಚಿ, ಫ್ಯಾನು ಹೊತ್ತುಕೊಂಡು ಹೋದರೆ ಇವರು ಇದನ್ನು ತಂದಿದ್ದರು. ಕುರ್ಚಿಯಾಗಿದ್ದರೆ ಕೂರಲಿಕ್ಕಾದರೂ ಆಗುತ್ತಿತ್ತು ಎಂದು ಹೆಂಡತಿ ಇವತ್ತಿಗೂ ಹೇಳುತ್ತಾರೆ.)

ಎಲ್ಲ ಸಾಂಗವಾಗಿ ನಡೆದು, ಕೊನೆಯಲ್ಲಿ ಯಂತ್ರ ಹಠ ಹಿಡಿಯಿತು. ಒಂದು ಫೈಲಿಗೆ ಇನ್ನೂ ಬೀಗ ಬಿದ್ದಿದೆ, ಹಾಕಿದವರೇ ತೆಗೆಯುವ ತನಕ ನಕಲು ಕೊಡುವುದಿಲ್ಲ ಎಂದಿತು. ಹಾಕಿದವರ ಹೆಸರು ನೋಡಿದರೆ ಹೆಂಡತಿಯದೇ. ಮದುವೆಯ ಗಡಿಬಿಡಿಯಲ್ಲಿ ಕೆಲಸ ಬಿಟ್ಟವರು ಬೀಗ ತೆಗೆಯುವುದನ್ನೇ ಮರೆತಿದ್ದರು.

ಯಜಮಾನರ ಕಣ್ಣು ತುಂಬಿ ಬಂತು. ಆಗೆಲ್ಲ ಒಬ್ಬರು ಫೈಲಿಗೆ ಬೀಗ ಹಾಕಿಕೊಂಡರೆ ಉಳಿದವರು ಅದನ್ನು ತಿದ್ದುವಂತಿರಲಿಲ್ಲ. ಅವರ ಮೇಜಿನ ತನಕ ಹೋಗಿ, ಬಿಟ್ಟುಕೊಡಿ ಎಂದು ಕೇಳಬೇಕಿತ್ತು. ಹಾಗೆ ಕೇಳಲು ಹೋಗಿ ಹೋಗಿಯೇ ಇವರ ಮದುವೆಯಾದದ್ದು. ತಾನು ಬರಲೆಂದೇ ಅವಳು ಬೀಗ ಹಾಕುತ್ತಿದ್ದಳೆಂದು ಮಗಳಿಗೂ ಅಳಿಯನಿಗೂ ಬೀಗರಿಗೂ ಹೇಳಿ ಬೀಗಿದ್ದೇ ಬೀಗಿದ್ದು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಅದೇ ಹಳೆಯ ದನಿಯಲ್ಲಿ ಕೇಳಿದರು: "ಮೇಡಂ, ಸ್ವಲ್ಪ ಆ ಫೈಲು ಬಿಟ್ಟುಕೊಡ್ತೀರಾ?"

ಹೆಂಡತಿ ಕೈ ಒರೆಸಿಕೊಂಡು ಬಂದರು. ಗಂಡನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ ಪಾಸ್‌ವರ್ಡ್ ಒತ್ತಿದರು. ಇಷ್ಟು ವರ್ಷವಾದರೂ ಬೆರಳು ಮರೆತಿರಲಿಲ್ಲ. ತಾವು ಅರ್ಧಕ್ಕೆ ಬಿಟ್ಟ ಸಾಲುಗಳನ್ನು ಬೆರಳಿಟ್ಟು ಒಂದೊಂದಾಗಿ ಓದಿದರು.

"ನಾನು ಬರ್ಲಿ ಅಂತ ತಾನೇ ನೀನು ಬೀಗ ಹಾಕ್ತಿದ್ದೆ?" ಯಜಮಾನರು ಗೋಡೆಯನ್ನೇ ಕೇಳಿದರು.

"ನಿಮಗೇನ್ರೀ ಕೆಲಸ ಇತ್ತು ಈ ಫೈಲಲ್ಲಿ? ಇದು ಬೇಕಾಗ್ತಿದ್ದಿದ್ದು ನಿಮ್ಮ ಪಕ್ಕದ ಮೇಜಿನ ಗುಂಗುರು ಕೂದಲಿನವರಿಗೆ. ಅವರು ಬರ್ಲಿ ಅಂತ ಹಾಕ್ತಿದ್ದೆ. ಒಂದಿನಾನೂ ಎದ್ದು ಬರಲಿಲ್ಲ. ನಿಮ್ಮನ್ನೇ ಕಳಿಸ್ತಿದ್ರು."

ಯಜಮಾನರು ಲೆಕ್ಕ ಹಾಕಿ ನೋಡಿದರು. ಆ ಪುಣ್ಯಾತ್ಮ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ, ತಾವೇ ಖುಷಿಯಿಂದ ಹೋಗುತ್ತಿದ್ದುದು ನಿಜ.

"ಮತ್ತೆ ಮದುವೆ?"

"ದಿನಾ ಬರೋರು ನೀವೊಬ್ರೇ. ಆಮೇಲಾಮೇಲೆ ಬೀಗ ಹಾಕಿ ನಿಮ್ಮ ದಾರೀನೇ ನೋಡೋ ಹಾಗಾಯ್ತು," ಎನ್ನುತ್ತ ಹೆಂಡತಿ ಬೀಗ ತೆಗೆದರು.

ನಕಲು ಮುಗಿಯಿತು. ಚರಿತ್ರೆಯೆಲ್ಲ ಹೊಸ ಡಿಸ್ಕಿನಲ್ಲಿ ಕ್ಷೇಮವಾಗಿ ಕೂತಿತು. ಅದರಲ್ಲಿ ತಮ್ಮದು ನಾಯಕನ ಪಾತ್ರವಲ್ಲ, ಜವಾನನ ಪಾತ್ರವೆಂದು ತಿಳಿದ ಯಜಮಾನರು, ಎಲ್ಲಿದ್ದಾನೋ ಏನೋ ಆ ಗುಂಗುರು ಕೂದಲಿನವನ ಸೋಮಾರಿತನಕ್ಕೆ ಗೋಡೆಯತ್ತಲೇ ಕೈ ಮುಗಿದರು.