ಅತ್ತೆಯ ಐದು ಗೆರೆ ಪಾಠ

ದೇವರು ನಮ್ಮ ಸೋದರತ್ತೆಗೆ ಎಲ್ಲವನ್ನೂ ಒಂದೊಂದು ಸಲ ಕೊಟ್ಟಿದ್ದಾನೆ. ಸಿಟ್ಟನ್ನು ಮಾತ್ರ ಮರೆತು ಎರಡು ಸಲ ಕೊಟ್ಟಿದ್ದಾನೆ! ಹಗರಿಬೊಮ್ಮನಹಳ್ಳಿಯಲ್ಲಿ ಗಣಿತದ ಟೀಚರಾಗಿ ಹೆಸರಾದವಳು. ನಿವೃತ್ತಿಯಾಗಿ ಎರಡು ವರ್ಷವಾದರೂ, ಅವಳು ಬಸ್ಸು ಹತ್ತಿದರೆ ಹಳೇ ವಿದ್ಯಾರ್ಥಿಯಾದ ಕಂಡಕ್ಟರ್ ಕೈಕಟ್ಟಿ ನಿಲ್ಲುತ್ತಾನೆ.

ಇಂಥವಳು ಅರವತ್ತೆರಡರಲ್ಲಿ ಪಿಟೀಲು ತಂದಳು. ಕಲಿಸಲು ಬಂದವರು ಪಿಟೀಲೂ ಬಲ್ಲ ಊರಿನ ಹಳೇ ಬ್ಯಾಂಡ್ ಮಾಸ್ತರು. ಪಾಪ, ಜೀವನಪೂರ್ತಿ ಮದುವೆಯ ಗದ್ದಲವನ್ನು ಸಹಿಸಿದ ಮುಸ್ಲಿಂ ಹಿರಿಯರು. ಇದನ್ನೂ ಸಹಿಸಿಯೇನು ಅಂದುಕೊಂಡಿದ್ದರು.

"ಮೊದ್ಲು ಕೇಳ್ರಿ ಟೀಚರಮ್ಮ, ಆಮ್ಯಾಲೆ ನುಡಸ್ರಿ" ಅಂದರು.

"ಕೇಳಾದು ಬ್ಯಾಡ. ಓದಾದು ಕಲಸ್ರಿ. ಬ್ಯಾಂಡಿನಾಗ ಹಾಳಿ ನೋಡ್ಕೊಂತ ನುಡಸ್ತಿದ್ರಲ್ಲ, ಅದು!"

ಮಾಸ್ತರು ಇಂಗ್ಲಿಷ್ ಸಂಗೀತ ಬರೆಯುವ ಹಾಗೆ ಐದು ಗೆರೆ ಎಳೆದು, ಅದರ ಮೇಲೆ ಒಂದಿಷ್ಟು ಕರಿ ಬೊಟ್ಟು ಇಟ್ಟರು. ಅತ್ತೆ ಕನ್ನಡಕ ಏರಿಸಿ ನೋಡಿದ್ದೇ ತಡ, ಕಿಡಿಕಿಡಿಯಾದಳು.

"ಒಂದು ಗೆರಿ ಮ್ಯಾಲೆ ಕುಂತೈತಿ, ಒಂದು ನಡುವ ಸಿಕ್ಕೊಂಡೈತಿ. ಸಾಲಾಗಿ ಕುಂದ್ರಸಾಕ ಬರಂಗಿಲ್ಲೇನ್ರಿ?"

"ಜಾಗ ಬದಲಾದ್ರ ಸ್ವರಾನೂ ಬದಲಾಗತೈತ್ರಿ."

"ಸ್ವರ ಅದಾವೋ, ಪರೀಕ್ಷಾದಾಗ ಕಾಪಿ ಹೊಡಿಯೋ ಹುಡುಗರು ಅದಾರೋ!"

ಅಲ್ಲಿಗೆ ನಿಂತಿದ್ದರೆ ನನಗೇನೂ ನಷ್ಟವಿರಲಿಲ್ಲ. ಕೊಟ್ಟೂರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು ತೆಪ್ಪಗಿದ್ದ ನನ್ನನ್ನೂ ಪ್ರತಿ ಭಾನುವಾರ ಕರೆಸಿಕೊಂಡು, ಕೈಗೆ ಇನ್ನೊಂದು ಪಿಟೀಲು ಹಿಡಿಸಿದಳು! ಎರಡು ಮಕ್ಕಳ ತಂದೆ ನಾನು. ಬೊಟ್ಟುಗಳ ಕೆಳಗೆ ಸ್ವರಗಳ ಹೆಸರು ಬರೆದರೆ ಕೆಂಪು ಪೆನ್ನಿನಿಂದ ತಿದ್ದಿ, ಹತ್ತಕ್ಕೆ ಮೂರು ಹಾಕಿದಳು. "ಹೆಂಡ್ತಿ ಕಡಿಂದ ಸಹಿ ಮಾಡಿಸ್ಕೊಂಡು ಬಾ" ಅಂದಳು. ನನ್ನ ಹೆಂಡತಿ ಸಹಿಯ ಜೊತೆಗೆ 'ಮನೆಯಲ್ಲೂ ಇದೇ ಪ್ರಗತಿ' ಎಂದು ಬರೆದಳು. ಎಂಥ ಮನೆತನಕ್ಕೆ ಬಂದು ಸೇರಿದ್ದಾಳೆ ನೋಡಿ!

ಒಂದು ದಿನ ಗೆರೆಗಳ ನಡುವೆ ಸೊಟ್ಟಗಿನ ಗುರುತೊಂದು ಬಂತು.

"ಇದೇನ್ರಿ ಮಾಸ್ತರ್?"

"ಸುಮ್ಮನಿರೋ ಗುರುತು ರೀ."

"ಸುಮ್ನಿರಾಕೂ ಬರದು ತೋರಿಸಬೇಕೇನು?"

ಮಾಸ್ತರು ನೆಲ ನೋಡುತ್ತಾ, "ಕೆಲವರಿಗೆ ಬೇಕಾಗತೈತ್ರಿ" ಅಂದರು. ನಾನು ನಗು ತಡೆಯಲಾರದೆ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಓಡಿದೆ.

ಆದರೆ ಕಳೆದ ಭಾನುವಾರ ನನಗೂ ಸಿಟ್ಟು ನೆತ್ತಿಗೇರಿತು. ಅಂಗಡಿ ತುಂಬ ಗಿರಾಕಿಗಳಿದ್ದರೂ ಬಿಟ್ಟು ಬಂದಿದ್ದೆ. ಅತ್ತೆ ಕಾಗದವನ್ನೇ ದಿಟ್ಟಿಸುತ್ತಾ ನುಡಿಸುತ್ತಿದ್ದಳು. ತಂತಿ ಸಡಿಲಾಗಿ ಸ್ವರ ಎಲ್ಲೋ ಹೋಗಿತ್ತು.

"ಅತ್ತಿ, ತಪ್ಪು ಬರಾಕತ್ತೈತಿ!"

ಅವಳು ನಿಲ್ಲಿಸಲಿಲ್ಲ. ಎರಡನೇ ಸಲ ಹೇಳಿದೆ. ಮೂರನೇ ಸಲಕ್ಕೆ ನನ್ನ ಪಿಟೀಲು ಮಂಚದ ಮೇಲೆ ಎಸೆದು ಕೂಗಿದೆ. "ಕಿವಿ ಇಲ್ಲೇನು ನಿನಗ?"

ಅತ್ತೆ ಕಮಾನು ಇಳಿಸಿದಳು. ಮಾಸ್ತರು ಮುಖ ತಿರುಗಿಸಿಕೊಂಡರು. ಅವರಿಗೆ ಮೊದಲೇ ಗೊತ್ತಿತ್ತು.

"ಎಡಗಿವಿ ಹೋಗಿ ವರ್ಷ ಆತಲೇ" ಅಂದಳು, ಸಿಟ್ಟಿಲ್ಲದೆ. "ಬಲಗಿವಿನೂ ಹೊಂಟೈತಿ. ಹೊಸಪೇಟಿ ಡಾಕ್ಟರು ಹೇಳ್ಯಾರ. ಹಾಡು ಬಿಟ್ಟು ನನಗ ಇರಾಕ ಆಗಂಗಿಲ್ಲ. ಓದಾಕ ಬಂದ್ರ ಹಾಳಿ ನೋಡಿದ ಕೂಡಲೆ ತಲ್ಯಾಗ ಕೇಳಿಸ್ತೈತಂತ, ಮಾಸ್ತರು ಅಂತಾರ. ಪೂರ್ತಿ ಹೋಗೂದ್ರಾಗ ಕಲೀಬೇಕು."

"ಮತ್ತ ನನ್ನ್ಯಾಕ ಕರಿಸಿದಿ?"

"ನಾ ಓದಿದ್ದು ಖರೇನೋ ಸುಳ್ಳೋ ಹೇಳಾಕ ನಮ್ಮವನು ಒಬ್ಬ ಬೇಕಲ್ಲ."

ಮಂಚದಿಂದ ಪಿಟೀಲು ಎತ್ತಿಕೊಂಡೆ. ಕುರ್ಚಿಯನ್ನು ಅವಳ ಬಲಕ್ಕೆ ಎಳೆದು, ಕಿವಿಯ ಹತ್ತಿರವೇ ಕೂತೆ. ಮೊದಲ ಸಾಲನ್ನು ಒಂದೊಂದೇ ಸ್ವರವಾಗಿ, ನಿಧಾನಕ್ಕೆ ನುಡಿಸಿದೆ. ಅತ್ತೆ ಪ್ರತಿ ಬೊಟ್ಟಿನ ಮೇಲೂ ಬೆರಳಿಟ್ಟು, ಅಲ್ಲಿಂದ ಎದ್ದ ದನಿಯನ್ನು ಒಳಗೆ ಇಳಿಸಿಕೊಳ್ಳುವವಳಂತೆ ತುಟಿ ಬಿಗಿಹಿಡಿದಿದ್ದಳು.

"ಇನ್ನೊಮ್ಮೆ ನುಡಸಪ್ಪ" ಅಂದಳು.

ನುಡಿಸಿದೆ.