ಎಲ್ಕಾನಾ ವಿದರ್ಲಿಯವರ ಎಡಗಿವಿಯ ಕುರಿತು

ಇಂದ:
ಡಾರ್ಕಸ್ ವಿದರ್ಲಿ,
ಸಾಲ್ಟರ್ಸ್ ನೆಕ್, ಮಸಾಚುಸೆಟ್ಸ್.

ಗೆ:
ಶ್ರೀಮತಿ ಲೊವೀನಾ ವಿದರ್ಲಿ,
ಅಧ್ಯಕ್ಷರು, ಮೂಲಪುರುಷರ ವಂಶಸ್ಥರ ಸಂಘ,
ಅದೇ ಊರು, ಅದೇ ಬೀದಿ, ಎದುರುಮನೆ.

ವಿಷಯ: ಸಂಘದ ಲಾಂಛನದಿಂದ ತೋಳವನ್ನು ತೆಗೆಯುವ ಹಾಗೂ ಮಾತು ಬಿಟ್ಟದ್ದನ್ನು ರದ್ದುಪಡಿಸುವ ಬಗ್ಗೆ.

ಉಲ್ಲೇಖ: ವಾರ್ಷಿಕ ಭೋಜನದಂದು ಎಲ್ಲರೆದುರು ತಾವು ನೀಡಿದ ಮೌಖಿಕ ಆದೇಶ: "ಇನ್ಮೇಲೆ ನನ್ ಹತ್ರ ಮಾತಾಡ್ಬೇಡ. ಏನಿದ್ರೂ ಬರ್ದು ಕೊಡು!"

ಮಾನ್ಯ ಅಧ್ಯಕ್ಷರೇ, ಹಾಗೂ ಅತ್ತೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಅರ್ಜಿದಾರಳು ತಮ್ಮ ಗಮನಕ್ಕೆ ತರಬಯಸುವುದೇನೆಂದರೆ:

೧. ನಮ್ಮ ಮೂಲಪುರುಷ ಎಲ್ಕಾನಾ ವಿದರ್ಲಿಯವರು ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದು, ೧೬೫೮ರಲ್ಲಿ ಈ ಊರಿನ ಹನ್ನಾರನ್ನು ಮದುವೆಯಾದರೆಂದೂ, ಬೇಸಿಗೆಯಲ್ಲಿ ಉತ್ತರದ ಮೇನ್ ಕರಾವಳಿಯ ಕಡೆ ಮೀನಿಗೆ ಹೋಗುತ್ತಿದ್ದರೆಂದೂ, ಹಾಗೊಮ್ಮೆ ತೋಳದೊಂದಿಗೆ ಬರಿಗೈಯಲ್ಲಿ ಹೋರಾಡಿ ಎಡಗಿವಿ ಕಳೆದುಕೊಂಡರೆಂದೂ ಸಂಘ ನಂಬಿಕೊಂಡು ಬಂದಿದೆ. ಆದ ಕಾರಣ ಲಾಂಛನದಲ್ಲಿ ತೋಳವಿದೆ. ಆದ ಕಾರಣವೇ ಸಭಾಂಗಣದ ಚಿತ್ರದಲ್ಲಿ ಅವರು ಬಲಗಿವಿ ಮಾತ್ರ ತೋರಿಸಿ ಕುಳಿತಿದ್ದಾರೆ.

೨. ಸ್ಮರಣ ಸಂಚಿಕೆಗಾಗಿ ಎಲ್ಕಾನಾರ ಮೀನುಗಾರಿಕೆಯ ಜಾಗ ಹುಡುಕಿಕೊಂಡು ಬಾ ಎಂದು ಅರ್ಜಿದಾರಳನ್ನು ಮೇನ್‌ಗೆ ಅಟ್ಟಿದವರು ತಾವೇ. ಇದನ್ನು ದಯವಿಟ್ಟು ನೆನಪಿಟ್ಟುಕೊಂಡು ಮುಂದೆ ಓದತಕ್ಕದ್ದು.

೩. ಸದರಿ ಪ್ರಯಾಣದಲ್ಲಿ ಕ್ರೋ ಹೆಡ್ ಎಂಬ ದ್ವೀಪದ ದಡದಲ್ಲಿ, ಏಡಿಬಲೆ ಹೊಲಿಯುತ್ತಿದ್ದ ಈನೋಸ್ ಎಂಬವರು ಸಿಕ್ಕರು. ಅವರ ಮೂಗು ನಮ್ಮ ಮೂಗು. ತಮ್ಮ ಮೂಗೇ ಗಡ್ಡ ಬಿಟ್ಟುಕೊಂಡು ಎದುರು ನಿಂತಂತಿತ್ತು. ಅರ್ಜಿದಾರಳು ಎಲ್ಕಾನಾರ ಹೆಸರೆತ್ತಿದ್ದೇ ತಡ, ಅವರು ನಕ್ಕುಬಿಟ್ಟರು.

"ಒಂಟಿಕಿವಿ ಎಲ್ಕಾನಾನಾ? ನಮ್ಮಜ್ಜನ ಅಜ್ಜನ ಅಜ್ಜನ ಅಜ್ಜನ ಅಜ್ಜ ಕಣಮ್ಮಾ ಅವ್ನು!"

"ಕಿವಿ ತೋಳ ಕಚ್ಚಿದ್ದು ತಾನೇ?"

"ತೋಳಾನಾ! ಈ ದ್ವೀಪದಲ್ಲಿ ಮೊಲಾನೂ ಇಲ್ಲ. ಕಚ್ಚಿದ್ದು ಹೆಂಡ್ತಿ, ಪೇಷನ್ಸ್. ಅಲ್ಲಿ ಕೆಳಗಡೆ ನಿಮ್ಮೂರಲ್ಲಿ ಇನ್ನೊಬ್ಳನ್ನ ಕಟ್ಕೊಂಡಿದಾನೆ ಅಂತ ಗೊತ್ತಾಯ್ತಲ್ಲ, ಆವತ್ತೇ."

೪. ಕಾರಣ, ಅರ್ಜಿದಾರಳು ಅವರ ಹಿತ್ತಲಿನ ಸಮಾಧಿಗೆ ಹೋಗಿ ನೋಡಲಾಗಿ, ಕಲ್ಲಿನ ಮೇಲೆ ಪೇಷನ್ಸ್ ಎಲ್ಕಾನಾರ ಕೈಹಿಡಿದದ್ದು ೧೬೫೨, ತೀರಿಕೊಂಡದ್ದು ೧೬೯೦ ಎಂದಿದೆ. ಅಂದರೆ ಮೊದಲ ಹೆಂಡತಿ ಬದುಕಿರುವಾಗಲೇ ನಮ್ಮ ಹನ್ನಾರ ಮದುವೆ ನಡೆದಿದೆ. ಅಂದರೆ "ಕ್ರಮಬದ್ಧ ವಿವಾಹದ ಸಂತತಿಗೆ ಮಾತ್ರ ಭೋಜನದಲ್ಲಿ ಮುಂದಿನ ಸಾಲು" ಎಂಬ ಸಂಘದ ನಿಯಮದಂತೆ, ಅಧ್ಯಕ್ಷರೂ ಅರ್ಜಿದಾರಳೂ ಅಡುಗೆಮನೆಯ ಬಾಗಿಲ ಬಳಿ ನಿಂತು ಉಣ್ಣತಕ್ಕವರು.

೫. ಇದನ್ನು ತಮಗೆ ಒಬ್ಬರಿಗೇ ಹೇಳುವ ಉದ್ದೇಶವಿತ್ತು. ಆದರೆ ಭೋಜನದಲ್ಲಿ ತಾವು ಎದ್ದು ನಿಂತು ಎಲ್ಕಾನಾರ ಕಥೆ ಹೇಳುತ್ತಾ, ತೋಳದಂತೆ ಹಲ್ಲು ಕಿರಿದು ತೋರಿಸಿದಾಗ, ಅರ್ಜಿದಾರಳ ಬಾಯಿಂದ "ಅತ್ತೇ, ಅದು ತೋಳ ಅಲ್ಲ, ಹೆಂಡ್ತಿ" ಎಂಬ ಮಾತು ತಾನಾಗಿಯೇ ಹೊರಬಿತ್ತು. ಪಾದ್ರಿಗಳ ಮೂಗಿಗೆ ಸೂಪು ಹೋದದ್ದಕ್ಕೆ ಅರ್ಜಿದಾರಳು ವಿಷಾದಿಸುತ್ತಾಳೆ. ತಮ್ಮ ಮುಖ ಬಿಳಿಚಿಕೊಂಡದ್ದಕ್ಕೆ ಅದಕ್ಕಿಂತ ಹೆಚ್ಚು.

೬. ಅಂದಿನಿಂದ ತಮ್ಮ ಮನೆಯ ಪರದೆ ತೆರೆದಿಲ್ಲ. ಈನೋಸರ ಫೋನ್ ನಂಬರ್ ಬರೆದು ಬಾಗಿಲಡಿ ತೂರಿಸಿದ ಚೀಟಿಗೂ ಉತ್ತರ ಬಂದಿಲ್ಲ. ಅಪ್ಪ ಸಮುದ್ರದಿಂದ ವಾಪಸು ಬರದಿದ್ದ ವರ್ಷ, ಏಳು ವರ್ಷದ ಅರ್ಜಿದಾರಳನ್ನು ಕೈಹಿಡಿದು ಕರೆತಂದು ಸಾಕಿದವರು ತಾವು. "ನಮ್ಗೆ ಯಾರೂ ಇಲ್ಲ ಅನ್ಬೇಡ, ಎಲ್ಕಾನಾ ಇದಾನೆ" ಎಂದು ದಿನಾ ಮಲಗಿಸಿದವರೂ ತಾವೇ. ಆ ಎಲ್ಕಾನಾರನ್ನೇ ಅರ್ಜಿದಾರಳು ಕೆಡವಿದಂತಾಯಿತೆಂಬುದು ಆಕೆಗೆ ತಡವಾಗಿ ಹೊಳೆದಿದೆ.

೭. ನಿನ್ನೆ ಈನೋಸ್ ಫೋನ್ ಮಾಡಿದ್ದರು.

"ನಿಮ್ಮತ್ತೆ ಫೋನ್ ಮಾಡಿದ್ರಮ್ಮಾ. ಬೈತಾರೆ ಅಂತ ನಾನು ಫೋನ್ನ ಕಿವಿಯಿಂದ ದೂರ ಹಿಡ್ಕೊಂಡಿದ್ದೆ. 'ಪೂರ್ತಿ ಕಚ್ಚಿ ತೆಗೆದ್ಲಾ, ಅರ್ಧಾನಾ?' ಅಂತ ಕೇಳಿದ್ರು. ಪೂರ್ತಿ ಅಂದೆ. 'ಒಳ್ಳೇ ಕೆಲ್ಸ ಮಾಡಿದ್ಲು' ಅಂದು ಇಟ್ಬಿಟ್ರು."

ಆದ್ದರಿಂದ, ಅರ್ಜಿದಾರಳ ವಿನಂತಿ:

ಲಾಂಛನದ ತೋಳವನ್ನು ತೆಗೆದು ಪೇಷನ್ಸ್ ಅವರನ್ನು ಸೇರಿಸಬೇಕು. ಹಲ್ಲುಗಳನ್ನು ಹಾಗೆಯೇ ಉಳಿಸಿಕೊಳ್ಳಬಹುದು, ಖರ್ಚು ಕಡಿಮೆ. ಮತ್ತು ಈ ದಿನ ಕ್ರೋ ಹೆಡ್ ದ್ವೀಪದಲ್ಲಿ ವಿದರ್ಲಿಗಳೆಲ್ಲ ಸೇರಿ ಏಡಿ ಬೇಯಿಸುತ್ತಿರುವುದರಿಂದ, ತಾವು ಅಲ್ಲಿಗೆ ದಯಮಾಡಿಸಬೇಕು. ಅಲ್ಲಿ ಸಾಲುಗಳಿಲ್ಲ, ಒಂದೇ ಉದ್ದನೆಯ ಹಲಗೆ. ಸಿಕ್ಕಲ್ಲಿ ಕೂರುತ್ತಾರೆ.

ತಮ್ಮ ವಿಶ್ವಾಸಿ, ತಮ್ಮ ಅಣ್ಣನ ಮಗಳು,
ಡಾರ್ಕಸ್ ವಿದರ್ಲಿ

ಲಗತ್ತುಗಳು:
(ಅ) ಸಮಾಧಿಕಲ್ಲಿನ ಫೋಟೊ.
(ಆ) ಈನೋಸರ ಮೂಗಿನ ಫೋಟೊ, ಪಕ್ಕದಿಂದ.
(ಇ) ದೋಣಿಯಲ್ಲಿ ತಲೆ ತಿರುಗದಂತೆ ಮಾತ್ರೆ, ಎರಡು.

ವಿ.ಸೂ.: ಲಿಖಿತ ಉತ್ತರ ಬೇಕಿಲ್ಲ. ಅರ್ಜಿದಾರಳು ತಮ್ಮ ಗೇಟಿನ ಮುಂದೆ ಕಾರಿನಲ್ಲಿದ್ದಾಳೆ. ತಾವು ಕೋಟು ಹಾಕಿಕೊಂಡು ಹೊರಬಂದಲ್ಲಿ ಅರ್ಜಿ ಮಂಜೂರಾಗಿದೆಯೆಂದು ಭಾವಿಸಲಾಗುವುದು. ಕೋಟಿಲ್ಲದೆ ಬಂದರೂ ನಡೆಯುತ್ತದೆ.