ಪರದೆಯ ಬೆಳಕು ಮತ್ತು ದುರುಗಮ್ಮನ ವಯಸ್ಸು

ಸಿನಿಮಾ ಪರದೆಯ ಬೆಳಕು ಬಿದ್ದರೆ ಮುಖಕ್ಕೆ ಬೇಗ ಮುಪ್ಪು ಬರುತ್ತದೆ ಎಂಬುದು ೧೯೬೧ರಲ್ಲಿ ದಾವಣಗೆರೆಯಲ್ಲಿ ಬಹುಮತದಿಂದ ಸಾಬೀತಾಯಿತು.

ಸಾಬೀತು ಮಾಡಿದ್ದು ಮುಖಕಾಂತಿ ಸಂರಕ್ಷಣಾ ಸಮಿತಿ. ಅಧ್ಯಕ್ಷರು ಹತ್ತಿ ಗಿರಣಿಯ ಧಣಿ ಬಕ್ಕೇಶಪ್ಪನವರು. ಹರಿಹರದ ಹೊಳೆದಂಡೆಯ ಸಿನಿಮಾ ಟೆಂಟಿನಲ್ಲಿ ಅವರು ಖುದ್ದು ಪರಿಶೀಲಿಸಿದರು. ಪರದೆಗೆ ಹತ್ತಿರ, ನೆಲದ ಮೇಲೆ ಕೂತವರ ಮುಖ ಸುಕ್ಕಾಗಿತ್ತು. ದೂರದ ಕುರ್ಚಿಗಳಲ್ಲಿ ಕೂತವರ ಮುಖ ನುಣ್ಣಗಿತ್ತು. ಹೋಲಿಕೆಗೆಂದು ಅವರ ಪತ್ನಿ ಅನ್ನಪೂರ್ಣಮ್ಮನವರು ಕುರ್ಚಿಯಲ್ಲಿ ಕೂತು ಸಹಕರಿಸಿದರು. ನೆಲದವರು ಹಗಲೆಲ್ಲ ಬಿಸಿಲಲ್ಲಿ ದುಡಿಯುವವರಲ್ಲವೇ ಎಂದು ಸದಸ್ಯನೊಬ್ಬ ಕೇಳಿದ. ಬಿಸಿಲು ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ತಿಳಿಸಲಾಯಿತು. ಮುಂದಿನ ಸಭೆಯ ಹೊತ್ತಿಗೆ ಆತ ಸದಸ್ಯನಾಗಿರಲಿಲ್ಲ.

ಗಿರಣಿಯ ಆಳುಗಳಿಗೆ ಹುಟ್ಟಿದ ದಿನದ ದಾಖಲೆ ಇರುತ್ತಿರಲಿಲ್ಲ. ಡಾಕ್ಟರು ಮುಖ ನೋಡಿ ವಯಸ್ಸು ಬರೆಯುತ್ತಿದ್ದರು. ಐವತ್ತೆಂಟು ಎಂದು ಬರೆಸಿಕೊಂಡವರು ಮನೆಗೆ ಹೋಗಬೇಕು. ಗುತ್ತೂರಿನ ದುರುಗಮ್ಮ ಮಗಳು ಕಸ್ತೂರಮ್ಮನ ಜೊತೆ ಗಿರಣಿಯ ಬಯಲಲ್ಲಿ ಕೂತು ಹತ್ತಿಯ ಕಸ ಆರಿಸುತ್ತಿದ್ದಳು. ಆಕೆಯ ಮುಖ ನೋಡಿ ಡಾಕ್ಟರು ಐವತ್ತೆಂಟು ಬರೆದರು. ಅವಳ ಕಂಕುಳಲ್ಲಿ ಮೊಲೆ ಕುಡಿಯುವ ಕೂಸಿತ್ತು. ಕೂಸನ್ನು ಪುರಾವೆಯೆಂದು ಒಪ್ಪಲು ನಿಯಮವಿರಲಿಲ್ಲ.

"ನನಗೆ ಮೂವತ್ತಾರು ರೀ, ಧಣೇರ. ಹೊಳಿ ನೀರು ಊರೊಳಗೆ ಬಂದ ವರ್ಷ ಹುಟ್ಟೀನಿ."

"ಹೊಳಿ ನೀರು ವರ್ಷಾ ಬರ್ತೈತೆ. ವರ್ಷಾ ಹುಟ್ತೀಯೇನು?" ಎಂದರು ಬಕ್ಕೇಶಪ್ಪ. "ಸಿನಿಮಾ ನೋಡೀಯೋ ಇಲ್ಲೋ?"

"ಮದುವ್ಯಾದ ವರ್ಷ ಒಂದ್ಸಲ."

"ನೆಲದಾಗೋ, ಕುರ್ಚಿ ಮ್ಯಾಲೋ?"

"ನಮಗ್ಯಾವ ಕುರ್ಚಿ ರೀ? ನೆಲದಾಗೆ."

ಬಕ್ಕೇಶಪ್ಪ ಡಾಕ್ಟರ ಮುಖ ನೋಡಿದರು. ಡಾಕ್ಟರು ತಲೆಯಾಡಿಸಿದರು.

"ಒಂದಿನ ನೀವೂ ಬಂದು ಬಯಲಾಗೆ ಕೂಡ್ರಿ. ಮುಖ ಹೆಂಗಾಗ್ತೈತೆ ನೋಡಾನ," ಎಂದಳು ದುರುಗಮ್ಮ.

ಈ ಮಾತು ವಿಷಯಾಂತರವೆಂದು ದಾಖಲಾಯಿತು.

ಆದರೆ ಸಮಿತಿಗೆ ಕರುಣೆಯಿತ್ತು. ಪರದೆಯ ಹಿಂಬದಿಯಲ್ಲಿ ಕೂತರೆ ಅಕ್ಷರ ತಿರುಗಾಮುರುಗಾ ಕಾಣುತ್ತದೆ, ನಾಯಕ ಎಡಗೈಯಲ್ಲಿ ಉಣ್ಣುತ್ತಾನೆ. ಆದ್ದರಿಂದ ಅಲ್ಲಿ ವಯಸ್ಸೂ ಹಿಂದಕ್ಕೆ ಸರಿಯಲೇಬೇಕು. ಹಿಂಬದಿಯಲ್ಲಿ ಒಂದು ಆಟ ನೋಡಿದರೆ ಒಂದು ವರ್ಷ ಕಡಿಮೆ ಎಂದು ನಿಯಮವಾಯಿತು. ಹಿಂಬದಿಗೆ ಕುರ್ಚಿಯ ದರ. ಬಿಡಿ ಟಿಕೆಟ್ಟು ಇಲ್ಲ, ನಲವತ್ತೊಂದು ಟಿಕೆಟ್ಟಿನ ಕಟ್ಟು ಕೊಂಡು ಪೂರ್ತಿ ಮುಗಿಸಬೇಕು. ಟೆಂಟು ಬಕ್ಕೇಶಪ್ಪನವರ ಭಾವಮೈದುನ ಉಜ್ಜನಪ್ಪನದು. ಇದು ಕೇವಲ ಕಾಕತಾಳೀಯವೆಂದು ಸಮಿತಿ ಠರಾವು ಮಾಡಿತು.

ದುರುಗಮ್ಮ ಬೆಳ್ಳಿ ಕಾಲ್ಗಡಗ ಮಾರಿ ಕಟ್ಟು ಕೊಂಡಳು. ದಿನಾ ಸಂಜೆ ಕೂಸಿನ ಸಮೇತ ಪರದೆಯ ಹಿಂದೆ ಕೂತಳು. ಕಟ್ಟು ಮುಗಿದ ಮೇಲೆ ಡಾಕ್ಟರು ಅವಳ ಮುಖ ನೋಡಲಿಲ್ಲ, ಟಿಕೆಟ್ಟಿನ ತುಂಡುಗಳನ್ನು ನೋಡಿದರು. ಹದಿನೇಳು ಎಂದು ಬರೆದರು.

"ಹದಿನೆಂಟು ತುಂಬದೋರನ್ನ ಬಯಲು ಕೆಲಸಕ್ಕೆ ತಗಳ್ಳಾಕ ಬರಂಗಿಲ್ಲ," ಎಂದು ಬಕ್ಕೇಶಪ್ಪ ಮರುಗಿದರು. "ಕಾನೂನು ಐತೆ. ಮುಂದ್ಗಡೆ ಕುಂತು ಒಂದಾಟ ನೋಡಿ ಬಾರವ್ವ."

ದುರುಗಮ್ಮ ನೆಲದ ಟಿಕೆಟ್ಟು ಕೊಂಡು ಒಂದು ವರ್ಷ ಕೂಡಿಸಿಕೊಂಡು ಬಂದಳು. ಕೆಲಸ ಸಿಕ್ಕಿತು. ಹೊಸ ಆಳಾದ್ದರಿಂದ ಅರ್ಧ ಕೂಲಿ. ಡಾಕ್ಟರಿಗೂ ಗಿರಣಿಗೂ ತೃಪ್ತಿಯಾಯಿತು. ಪರದೆಯ ಹಿಂದೆ ಈಗ ಅನ್ನಪೂರ್ಣಮ್ಮನವರಿಗೂ ಜಾಗ ಸಿಗುತ್ತಿರಲಿಲ್ಲ.

ಬಯಲಲ್ಲಿ ಇದ್ದದ್ದು ಒಂದೇ ಬೇವಿನ ಮರ. ಅದರ ನೆರಳು ವಯಸ್ಸಿನಲ್ಲಿ ಹಿರಿಯರಿಗೆ ಎಂದು ಗಿರಣಿಯ ನಿಯಮ. ಕಸ್ತೂರಮ್ಮನಿಗೆ ಹತ್ತೊಂಬತ್ತು.

"ಯವ್ವಾ, ಇತ್ಲಾಗೆ ನೆರಳಿಗೆ ಬಾ," ಎಂದು ಮಗಳು ಕರೆದಳು.

ದುರುಗಮ್ಮ ಕೂಸಿನ ತಲೆಗೆ ಸೆರಗು ಮುಚ್ಚಿ ಬಿಸಿಲಲ್ಲೇ ಕೂತಳು.

"ಬ್ಯಾಡವ್ವ," ಎಂದಳು. "ನಾ ನಿನಗಿಂತ ಸಣ್ಣಾಕಿ."